ನೀಲಿ ಚೀಟಿಯ ಕೋಟು

ಆ ಮನೆಯಲ್ಲಿ 'ಪೂರ್ತಿ ರೇಟು' ಅನ್ನುವುದು ಒಂದು ಬೈಗುಳ. ಸೋಮಾರಿ, ಸುಳ್ಳ, ಕೆಲಸಕ್ಕೆ ಬಾರದವನು ಅಂತೆಲ್ಲ ಬೈದರೂ ಸಮಾಧಾನವಾಗದಿದ್ದರೆ ಅತ್ತೆ ಕೊನೆಗೆ ಅದನ್ನೇ ಎತ್ತಿಕೊಳ್ಳುತ್ತಿದ್ದಳು: "ಅವನಾ? ಬಿಡು, ಪೂರ್ತಿ ರೇಟು ಕೊಡೋ ಗಿರಾಕಿ ಅವನು!" ಬೀದಿಯವರು ಆಕೆಗೆ ಅರ್ಧರೇಟಮ್ಮ ಅಂತ ಹೆಸರಿಟ್ಟಿದ್ದರು. ಅದು ಕಿವಿಗೆ ಬಿದ್ದಾಗ ಆಕೆಗೆ ಸಿಟ್ಟು ಬರಲಿಲ್ಲ, ಬಿರುದು ಸಿಕ್ಕಿದವಳ ಹಾಗೆ ಬೀಗಿದಳು.

ಬಿರುದಿಗೆ ತಕ್ಕ ಮನೆ. ಎರಡು ಕೋಣೆ, ಒಂದು ಅಡುಗೆಮನೆ, ನಾಲ್ಕೇ ಜನ: ಅತ್ತೆ, ಲಿಫ್ಟ್ ರಿಪೇರಿ ಮಾಡುವ ಮಗ, ತರಕಾರಿ ಫ್ಯಾಕ್ಟರಿಗೆ ಹೋಗುವ ಸೊಸೆ, ಮಾತಿನಲ್ಲಿ ಯಾರಿಗೂ ಸೋಲದ್ದಕ್ಕೆ ಚಿನಕುರಳಿ ಅಂತ ಕರೆಸಿಕೊಳ್ಳುವ ಮೊಮ್ಮಗಳು. ಈ ನಾಲ್ಕು ಜನಕ್ಕೆ ಎರಡು ಡಜನ್ ಸೂಪಿನ ಬಟ್ಟಲು. ಮೂರು ಇಸ್ತ್ರಿ ಪೆಟ್ಟಿಗೆ, ಅದರಲ್ಲಿ ಎರಡಕ್ಕೆ ವೈರಿಲ್ಲ. ಮಂಚದ ಕೆಳಗೆ ಯಾರೂ ನುಡಿಸದ ಅಕಾರ್ಡಿಯನ್. ಸೊಸೆ ಗುಡಿಸುವಾಗಲೆಲ್ಲ ಪೊರಕೆ ತಾಗಿ ಅದು 'ಭೋಂ' ಅನ್ನುತ್ತಿತ್ತು. ಕೇಳಿದರೆ ಅತ್ತೆಯ ಉತ್ತರ ಸಿದ್ಧವಾಗಿತ್ತು: "ಅರ್ಧ ರೇಟಿಗೆ ಬಂತು ಕಣೇ. ಬಿಟ್ಟು ಬರಕ್ಕಾಗುತ್ತಾ?"

ಇಷ್ಟೂ ಬಂದದ್ದು ಬಸ್ ನಿಲ್ದಾಣದ ಹಿಂದಿನ ಹಳೇ ಸಾಮಾನಿನ ಅಂಗಡಿಯಿಂದ. ಮೊದಲು ಅದು ಸಿನಿಮಾ ಮಂದಿರ. ಕುರ್ಚಿ ಕಿತ್ತರೂ ನೆಲದ ಇಳಿಜಾರು ಹಾಗೇ ಇದ್ದದ್ದರಿಂದ ಕೈಗಾಡಿ ಬಿಟ್ಟರೆ ತಾನೇ ಉರುಳಿಕೊಂಡು ಪರದೆ ಇದ್ದ ಗೋಡೆಗೆ ಹೋಗಿ ನಿಲ್ಲುತ್ತಿತ್ತು. ಜನ ಬೇಡವೆಂದು ಕೊಟ್ಟದ್ದು, ಮಾರಿಕೊಡಿ ಅಂತ ತಂದಿಟ್ಟದ್ದು, ಎಲ್ಲ ಅಲ್ಲಿ ಸಾಲುಸಾಲು. ಪ್ರತಿ ವಾರ ಬಂದ ಸಾಮಾನಿಗೆ ಒಂದೊಂದು ಬಣ್ಣದ ಚೀಟಿ. ಕೆಲವು ವಾರ ಕಳೆದರೂ ಹೋಗದೆ ಉಳಿದರೆ, ಆ ಬಣ್ಣದ ಸರದಿ ಬಂದ ವಾರ ಅರ್ಧ ರೇಟು. ಯಾವ ವಾರ ಯಾವ ಬಣ್ಣ ಅಂತ ಬಾಗಿಲಲ್ಲೇ ಬೋರ್ಡು.

ಸೊಸೆಗೂ ಆ ರುಚಿ ಹತ್ತಿತ್ತು, ಸುಳ್ಳೇಕೆ ಹೇಳಬೇಕು? ಭಾನುವಾರ ಆ ಬಾಗಿಲು ದಾಟಿದರೆ ಅವಳ ಬೆನ್ನು ನೋವು ಮರೆತುಹೋಗುತ್ತಿತ್ತು. ಯಾರದೋ ಅಜ್ಜಿ ಕಸೂತಿ ಹಾಕಿದ ಮೇಜುವಸ್ತ್ರ, ಜೇಬಿನಲ್ಲಿ ಇನ್ನೂ ಬಸ್ ಟಿಕೆಟ್ಟು ಉಳಿದಿರುವ ಪ್ಯಾಂಟು, ಒಂದೇ ಒಂದು ಸಲ ಹಾಕಿ ಬಿಟ್ಟ ಚಪ್ಪಲಿ. ಕೈಯಾಡಿಸುತ್ತ ಹೋದರೆ ಮುಂದಿನ ಹ್ಯಾಂಗರಿನಲ್ಲೇ ಏನೋ ಇದೆ ಅನ್ನಿಸುವ ಆಸೆ ಬಿಡುತ್ತಲೇ ಇರಲಿಲ್ಲ. ಮನೆಯಲ್ಲಿ ಎಣ್ಣೆ–ಸೀಗೆಕಾಯಿ ಆಗಿದ್ದ ಅತ್ತೆ ಸೊಸೆ ಅಂಗಡಿಯೊಳಗೆ ಹಾಲು ಜೇನು. ಒಬ್ಬಳು ಎಳೆದು ತೋರಿಸುವುದು, ಇನ್ನೊಬ್ಬಳು ಹೊಲಿಗೆ ಹಿಡಿದು ಜಗ್ಗಿ ನೋಡುವುದು. ಈಗ ಬೇಡ, ಚೀಟಿಯ ಬಣ್ಣ ಬರಲಿ ಅನ್ನಿಸಿದರೆ ಬೇರೆ ಸಾಲಿನಲ್ಲಿ ಬಚ್ಚಿಟ್ಟು ಬರುವ ವಿದ್ಯೆಯನ್ನೂ ಅತ್ತೆಯೇ ಅವಳಿಗೆ ಕಲಿಸಿದ್ದಳು.

ಚಳಿ ಶುರುವಾದ ವಾರ ಆ ಕೋಟು ಸಿಕ್ಕಿತು.

"ಬಾ ಇಲ್ಲಿ, ಬೇಗ ಬಾ," ಅಂತ ಅತ್ತೆ ಕಣ್ಸನ್ನೆ ಮಾಡಿದಳು. "ಹಾಕ್ಕೊಂಡು ನೋಡು."

ಕಡುಹಸಿರು ಉಣ್ಣೆ, ಒಳಗೆ ಮೆತ್ತನೆಯ ಅಸ್ತರು, ಕುತ್ತಿಗೆಯವರೆಗೂ ಕಪ್ಪು ಗುಂಡಿಗಳು. ಎರಡನೆಯದು ಮಾತ್ರ ಕಳೆದುಹೋಗಿ ಯಾರೋ ಕಂದು ಗುಂಡಿ ಹೊಲಿದಿದ್ದರು. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಸೊಸೆ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿದಳು. ಆ ವರ್ಷ ಮೊದಲ ಸಲ ಅವಳ ಬೆನ್ನು ಬೆಚ್ಚಗಾಯಿತು.

"ತಗೊಳ್ಳೋಣ ಅತ್ತೆ."

ಅತ್ತೆ ತೋಳಿನ ಚೀಟಿ ತಿರುಗಿಸಿದಳು. "ನೀಲಿ. ಈ ವಾರ ಹಳದಿ ನಡೀತಿದೆ. ನೀಲಿ ಬರಕ್ಕೆ ಇನ್ನೂ ನಾಲ್ಕು ವಾರ."

"ಪೂರ್ತಿ ಕೊಟ್ಟೇ ತಗೊಂಡುಬಿಡೋಣ. ನನ್ನ ಕೋಟಿನ ಜಿಪ್ಪು ಹೋಗಿದೆ. ಪಿನ್ನು ಚುಚ್ಕೊಂಡು ಹೋಗ್ತಿದೀನಿ."

"ಶ್! ಯಾರಾದ್ರೂ ಕೇಳಿಸ್ಕೊಂಡಾರು. ಪೂರ್ತಿ ರೇಟಂತೆ! ತಲೇಲಿ ಏನು ತುಂಬ್ಕೊಂಡಿದೀಯ, ಹೊಟ್ಟಾ? ನಾಲ್ಕು ವಾರ ಅಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬರುತ್ತೆ. ಬಿಚ್ಚು, ಬಿಚ್ಚು."

ಸೊಸೆ ಬಿಚ್ಚಿದಳು. ಅತ್ತೆ ಅದನ್ನು ಕಿಟಕಿ ಪರದೆಗಳ ಸಾಲಿನಲ್ಲಿ, ಹೂವಿನ ಚಿತ್ತಾರದ ಎರಡು ಪರದೆಗಳ ನಡುವೆ ತೂಗುಹಾಕಿ, ಮುಂದೆ ಇನ್ನೊಂದು ಎಳೆದು, ಏನೂ ಆಗದವಳ ಹಾಗೆ ಲೋಟಗಳ ಕಡೆ ನಡೆದಳು. ಸೊಸೆಗೂ ನಗು ಬಂತು. ಆಗ ಅದು ಆಟವೇ ಆಗಿತ್ತು.

ಫ್ಯಾಕ್ಟರಿಯಲ್ಲಿ ಆಟವಿರಲಿಲ್ಲ. ಬಟಾಣಿ, ಹುರುಳಿಕಾಯಿ, ಹೆಚ್ಚಿದ ಗಜ್ಜರಿ ಎಲ್ಲ ಹಿಮಗಟ್ಟಿ ಬೆಲ್ಟಿನ ಮೇಲೆ ಬರುತ್ತಿತ್ತು. ಕೆಟ್ಟದ್ದನ್ನು ಆರಿಸಿ ತೆಗೆಯುವುದು, ಚೀಲ ಮುಚ್ಚುವುದು. ಶೈತ್ಯಕೋಣೆಯ ಒಳಗೆ ಹೋಗುವವರಿಗೆ ಕಂಪನಿಯೇ ದಪ್ಪ ಕೋಟು ಕೊಡುತ್ತಿತ್ತು. ಬಾಗಿಲ ಹೊರಗಿನ ಹಜಾರದಲ್ಲಿ ನಿಲ್ಲುವವರಿಗೆ ಇಲ್ಲ, ಅವರು 'ಹೊರಗಿನವರು'. ಆ ಬಾಗಿಲು ಗಳಿಗೆಗೊಮ್ಮೆ ತೆರೆಯುತ್ತಿತ್ತು, ತೆರೆದಾಗಲೆಲ್ಲ ಒಳಗಿನ ಗಾಳಿ ಬಂದು ಮೂಳೆಗೆ ತಾಗುತ್ತಿತ್ತು. ಗಾಳಿಗೇನು ಗೊತ್ತು ಯಾರು ಒಳಗಿನವರು, ಯಾರು ಹೊರಗಿನವರು! ಸೊಸೆಯ ಕೋಟಿನ ಪಿನ್ನು ಬಗ್ಗಿದಾಗಲೆಲ್ಲ ಬಿಚ್ಚಿಕೊಳ್ಳುತ್ತಿತ್ತು. ಎರಡನೆಯ ವಾರಕ್ಕೆ ಕೆಮ್ಮು ಹಿಡಿಯಿತು.

ಮನೆಗೆ ಬಂದರೆ ಊಟದ ಮೇಜಿನಲ್ಲಿ ದಿನಾ ಒಂದೇ ಮಾತು.

"ಕೋಟು ಹೇಗಿದೆ?" ಅಂತ ಗಂಡ ಕೇಳುವನು, ಆಸ್ಪತ್ರೆಯಲ್ಲಿರುವ ನೆಂಟರನ್ನು ವಿಚಾರಿಸಿಕೊಳ್ಳುವ ಹಾಗೆ.

"ಚೆನ್ನಾಗಿದೆ," ಅನ್ನುವಳು ಅತ್ತೆ. "ಪರದೆ ಹತ್ರ ಜನ ಜಾಸ್ತಿ ಆದ್ರು. ಅದಕ್ಕೆ ಗಂಡಸರ ದೊಡ್ಡ ಪ್ಯಾಂಟುಗಳ ಮಧ್ಯೆ ಸೇರಿಸಿ ಬಂದೆ."

"ನಾಳೆ ನಾನು ನೋಡ್ಕೊಂಡು ಬರ್ತೀನಿ. ಹೇಗೂ ಆ ಕಡೇನೇ ಒಂದು ಲಿಫ್ಟಿದೆ."

ಮಾರನೆಯ ದಿನ ಅವನು ಕೆಲಸದ ಬಟ್ಟೆಯಲ್ಲೇ, ಗ್ರೀಸಿನ ಕೈ ಒರೆಸಿಕೊಂಡು, ಒಂದು ನಿಲ್ದಾಣ ಮೊದಲೇ ಇಳಿದು ಹೋಗಿ ಬಂದ. "ಪ್ಯಾಂಟಿಂದ ತೆಗೆದು ಮದುವೆ ಗೌನುಗಳ ಒಳಗೆ ತೂರಿಸಿದೆ. ಯಾವನಿಗೂ ಸಿಗಲ್ಲ!" ಅಂತ ಎದೆಯುಬ್ಬಿಸಿ ಹೇಳಿದ. ಅದರ ಮಾರನೆಯ ದಿನ ಶಾಲೆ ಬಿಟ್ಟ ಮೇಲೆ ಚಿನಕುರಳಿ ಹೋಗಿ, ಗೌನಿನೊಳಗೆ ಯಾರಾದರೂ ಕೈಹಾಕಿಯೇ ಹಾಕುತ್ತಾರೆ ಅಂತ ಅಲ್ಲಿಂದ ಕಿತ್ತು ಹಾಸಿಗೆ ಹೊದಿಕೆಗಳ ಅಡಿಗೆ ಮಡಿಸಿಟ್ಟು ಬಂದಳು. ಮೂವರೂ ಸರದಿ ಹಾಕಿಕೊಂಡು ಕಾವಲು ಕಾದರು. ಸೊಸೆ ಆಲೂಗಡ್ಡೆ ಸುಲಿಯುತ್ತ, ಅನ್ನ ಬಡಿಸುತ್ತ, ಕೆಮ್ಮುತ್ತ ಎಲ್ಲ ಕೇಳಿಸಿಕೊಂಡಳು.

"ಕೆಮ್ಮು ಜಾಸ್ತಿ ಆಯ್ತಲ್ಲ," ಅಂದಳು ಅತ್ತೆ ಒಂದು ದಿನ. ಸೊಸೆ ತಲೆ ಎತ್ತಿದಳು. "ಬಾಯಿಗೆ ಕೈ ಅಡ್ಡ ಇಟ್ಕೋ, ಎಲ್ರೂ ಊಟ ಮಾಡ್ತಿದೀವಿ."

ಈ ಮನೆಯವರು ನನಗಿಂತ ಆ ಕೋಟನ್ನೇ ಚೆನ್ನಾಗಿ ನೋಡಿಕೊಳ್ಳುತ್ತಾರಲ್ಲ ಅಂತ ಅವಳಿಗೆ ಅವತ್ತು ಮೈ ಉರಿದುಹೋಯಿತು.

ಹಾಗಂತ ಆ ವಾರಗಳಲ್ಲಿ ಮನೆಗೆ ಏನೂ ಬರಲಿಲ್ಲವೇ? ಬಂತು! ಕಾವಲಿಗೆ ಹೋದವರು ಬರಿಗೈಲಿ ಬರುತ್ತಾರೆಯೇ? ಹಳದಿ ವಾರ ಗಾಜಿನ ದೀಪದ ಬುರುಡೆ, ಕೆಂಪು ವಾರ ಚಿನಕುರಳಿಗೆ ಚಕ್ರದ ಬೂಟು, ಬಿಳಿ ವಾರ ಮೀನಿನ ಆಕಾರದ ದೊಡ್ಡ ತಟ್ಟೆ. ಆ ಮನೆಯಲ್ಲಿ ಯಾರೂ ಮೀನು ತಿನ್ನುವುದಿಲ್ಲ. ಎಲ್ಲ ಅರ್ಧ ರೇಟು. ಅಷ್ಟೂ ಅರ್ಧಗಳನ್ನು ಕೂಡಿಸಿದ್ದರೆ ಕೋಟು ಯಾವತ್ತೋ ಮನೆಗೆ ಬರುತ್ತಿತ್ತು. ಕೂಡಿಸುವವರು ಯಾರು?

"ಅಮ್ಮಾ, ನೀನೇ ಹೋಗಿ ತಗೊಂಬಿಡು," ಅಂದಳು ಚಿನಕುರಳಿ, ಪಾತ್ರೆ ಒರೆಸುತ್ತ.

"ದುಡ್ಡೆಲ್ಲಿದೆ? ಸಂಬಳ ಅಜ್ಜಿ ಡಬ್ಬಿಗೆ ಹೋಗುತ್ತಲ್ಲ."

"ಯಾಕೆ ಹಾಕ್ತೀಯ?"

ಮದುವೆಯಾದ ಹೊಸದರಲ್ಲಿ ಸೊಸೆ, ಒಳ್ಳೆಯವಳು ಅನ್ನಿಸಿಕೊಳ್ಳಬೇಕು ಅಂತ ಹಾಕಿದ್ದಳು. ಹಾಗೇ ನಡೆದುಕೊಂಡು ಬಂದಿತ್ತು. "ತಟ್ಟೆ ಸರಿಯಾಗಿ ಒರೆಸು," ಅಂದಳು.

ಅಂತೂ ನೀಲಿಯ ಭಾನುವಾರ ಬಂತು. ಅತ್ತೆ ಮದುವೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು, ಡಬ್ಬಿಯಿಂದ ಅರ್ಧ ರೇಟಿನಷ್ಟೇ ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡು, ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಸೊಸೆಯನ್ನು ಎಳೆದುಕೊಂಡು ಹೋಗಿ ನಿಂತಳು. ಕೋಟು ಹೊದಿಕೆಗಳ ಅಡಿಯಲ್ಲೇ ಇತ್ತು. ಸೊಸೆ ಅದನ್ನು ಅಪ್ಪಿ ಹಿಡಿದುಕೊಂಡು ಕೌಂಟರಿಗೆ ಬಂದಳು.

ಕೌಂಟರಿನ ಹುಡುಗಿ ಕೋಟನ್ನೂ ನೋಡಿದಳು, ಇವರಿಬ್ಬರ ಮುಖವನ್ನೂ ನೋಡಿದಳು. ತುಟಿ ಬಿಗಿಹಿಡಿದು ನಗು ತಡೆದುಕೊಂಡ ಹಾಗಿತ್ತು. "ಇದಕ್ಕೆ ಪೂರ್ತಿ ರೇಟು."

"ನೀಲಿ ಅಲ್ವಾ? ಕಣ್ಣು ಕಾಣಿಸಲ್ವಾ?" ಅಂದಳು ಅತ್ತೆ.

"ಬೋರ್ಡ್ ಓದಿ ಅಮ್ಮಾ. ಕೋಟು, ಸ್ವೆಟರ್, ಕಂಬಳಿಗೆ ರಿಯಾಯಿತಿ ಇಲ್ಲ. ಹೊಸ ಮ್ಯಾನೇಜರ್ ಈ ವಾರ ಹಾಕಿದ ರೂಲು. ಚಳಿ ಮುಗಿದ ಮೇಲೆ ಕೊಡ್ತಾರೆ."

ಅತ್ತೆ ಬಿಡುವವಳಲ್ಲ. ಮ್ಯಾನೇಜರನ್ನು ಕರೆಸು ಅಂದಳು, ಹಗಲುದರೋಡೆ ಅಂದಳು, ಹಿಂದೆ ನಿಂತವರನ್ನು ಸಾಕ್ಷಿಗೆ ಕರೆದಳು. ಯಾರೂ ಬರಲಿಲ್ಲ. ಕೊನೆಗೆ ಏದುಸಿರು ಬಿಡುತ್ತ ಪಕ್ಕಕ್ಕೆ ಸರಿದು ನಿಂತಳು. ನಿಂತವಳ ಮುಖ ಇದ್ದಕ್ಕಿದ್ದಂತೆ ಅರಳಿತು.

"ಹೋಗ್ಲಿ ಬಿಡು. ಚಳಿ ಮುಗಿದ ಮೇಲೆ ಕೊಡ್ತಾರಂತಲ್ಲ. ಆಗ ಇನ್ನೂ ಚೀಪಾದ್ರೂ ಆಗಬಹುದು."

"ಚಳಿ ಮುಗಿದ ಮೇಲೆ ಕೋಟು ಯಾಕೆ ಅತ್ತೆ?"

"ಮುಂದಿನ ಚಳಿಗೆ!"

"ಮತ್ತೆ ಈ ಚಳಿ?"

"ಈ ಚಳಿ ಅರ್ಧ ಕಳೀತಲ್ಲೇ. ಇಷ್ಟು ದಿನ ತಡ್ಕೊಂಡಿದೀಯ, ಇನ್ನೊಂದಷ್ಟು ದಿನ ದೊಡ್ಡದಾ?"

ಸೊಸೆಯ ಕೈಯಲ್ಲಿ ಬಸ್ಸಿನ ಚಿಲ್ಲರೆ ಮಾತ್ರ ಇತ್ತು. ಅತ್ತೆ ಅವಳ ಕೈಯಿಂದ ಕೋಟು ಬಿಡಿಸಿಕೊಂಡು ಹೋಗಿ, ಮೂಲೆಯಲ್ಲಿದ್ದ ಮರದ ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗಿಟ್ಟು, ಮೇಲೊಂದು ಹೂದಾನಿ ಕೂರಿಸಿ ಬಂದಳು. ಬರುವಾಗ ಸೆರಗಿನ ದುಡ್ಡಿಗೆ ನೀಲಿ ಚೀಟಿಯ ಗೋಡೆ ಗಡಿಯಾರ ಕೊಂಡಳು. ಮನೆಯವರೆಗೂ ಅದನ್ನು ಹೊತ್ತದ್ದು ಸೊಸೆ. ಬಾಯಿ ಬಿಟ್ಟಿದ್ದರೆ ಅದು ಬೀದಿಯಲ್ಲಿ ಬೀಳುತ್ತಿತ್ತು.

ಅದಾಗಿ ವಾರ ಕಳೆದಿರಬಹುದು. ಬೆಳಿಗ್ಗೆ ಫ್ಯಾಕ್ಟರಿಯ ಗೇಟಿನಲ್ಲಿ ಮುಂದೆ ಹೋಗುತ್ತಿದ್ದವಳ ಬೆನ್ನು ನೋಡಿ ಸೊಸೆಯ ಕಾಲು ನಿಂತಿತು. ಕಡುಹಸಿರು. ತಿರುಗಿದವಳು ತೂಕದ ಯಂತ್ರದ ಹತ್ತಿರ ಕೆಲಸ ಮಾಡುವವಳು, ಎಲ್ಲರೂ ತಕ್ಕಡಿ ಅಂತ ಕರೆಯುವ ಹೆಂಗಸು. ಎರಡನೆಯ ಗುಂಡಿ ಕಂದು.

"ಚೆನ್ನಾಗಿದೆಯಲ್ಲ ಕೋಟು," ಅಂದಳು ಸೊಸೆ.

"ಚೆನ್ನಾಗಿದೆ ಅಲ್ವಾ? ಹೊಸದಲ್ಲ ಕಣೇ, ಆ ಸಿನಿಮಾ ಅಂಗಡೀದು. ನಮ್ಮನೆಯವರು ಪೆಟ್ಟಿಗೆ ನೋಡಕ್ಕೆ ಹೋಗಿದ್ರು. ಮುಚ್ಚಳ ತೆಗೆದ್ರೆ ಒಳಗೆ ಇದು! ಆ ಕೌಂಟರ್ ಹುಡುಗಿ ಬಿದ್ದು ಬಿದ್ದು ನಕ್ಳಂತೆ. ಯಾವುದೋ ಒಂದು ಮನೆಯವರು ದಿನಾ ಬಂದು ಇದನ್ನ ಬಚ್ಚಿಟ್ಟು ಹೋಗ್ತಾರೆ, ಕೊಂಡ್ಕೊಳ್ಳಲ್ಲ, ಪಾಪ ತಲೆ ಕೆಟ್ಟಿರಬೇಕು ಅಂದ್ಳಂತೆ."

"ಪೂರ್ತಿ ರೇಟು ಕೊಟ್ರಾ?"

"ಅವರೆಲ್ಲಿ ಚೀಟಿ ನೋಡ್ತಾರೆ! ನಿಂಗೆ ಚಳಿ ಅಲ್ವಾ, ತಗೋ ಅಂತ ತಂದು ಕೊಟ್ರು. ಯಾಕೆ, ಕಣ್ಣಲ್ಲಿ ನೀರು?"

"ಕೆಮ್ಮು," ಅಂದಳು ಸೊಸೆ.

ಅವತ್ತು ಬೆಲ್ಟಿನ ಮೇಲೆ ಕೊಳೆತ ಬಟಾಣಿ ಎಷ್ಟು ದಾಟಿಹೋಯಿತೋ ಅವಳಿಗೆ ಗೊತ್ತಿಲ್ಲ. ಮೇಲ್ವಿಚಾರಕ ಎರಡು ಸಲ ಬೈದ. ಕೋಟು ಹೋದದ್ದಕ್ಕೆ ಅವಳಿಗೆ ಅಷ್ಟು ದುಃಖವಿರಲಿಲ್ಲ. 'ನಿಂಗೆ ಚಳಿ ಅಲ್ವಾ, ತಗೋ' ಅನ್ನುವ ಮಾತು ಒಂದಿದೆಯಲ್ಲ, ಅಷ್ಟು ಸಣ್ಣ ಮಾತು, ಅದನ್ನು ತನಗೆ ಇಷ್ಟು ದಿನದಲ್ಲಿ ಒಬ್ಬರೂ ಆಡಲಿಲ್ಲ ಅಂತ ಹೊಟ್ಟೆ ಉರಿಯುತ್ತಿತ್ತು.

ಸಂಜೆ ಮನೆಗೆ ಬಂದರೆ ಅಲ್ಲಿ ಸಂಭ್ರಮ. ಗಂಡ ಕನ್ನಡಿಯ ಮುಂದೆ ನಿಂತಿದ್ದ. ಮೈಮೇಲೆ ಚರ್ಮದ ಜಾಕೆಟ್ಟು, ಒಳಗೆ ಕುರಿತುಪ್ಪಳದ ಅಸ್ತರು. ಚೀಟಿ ಇನ್ನೂ ತೋಳಿನಲ್ಲಿ ನೇತಾಡುತ್ತಿತ್ತು.

"ಹೇಗಿದೆ? ಕೋಟು ನೋಡಕ್ಕೆ ಅಂತ ಹೋದೆ, ಇದು ಕಣ್ಣಿಗೆ ಬಿತ್ತು. ಬಿಟ್ರೆ ಕೈತಪ್ಪಿ ಹೋಗುತ್ತೆ ಅಂತ ತಗೊಂಬಿಟ್ಟೆ."

"ಚೀಟಿ ಹಸಿರು," ಅಂದಳು ಸೊಸೆ. "ಈ ವಾರ ಹಸಿರಲ್ಲ."

"ಪೂರ್ತಿ ರೇಟೇ ಕೊಟ್ಟ," ಅಂದಳು ಅತ್ತೆ, ಬೈಗುಳದ ಸುಳಿವೇ ಇಲ್ಲದ ದನಿಯಲ್ಲಿ. "ಫೋನ್ ಮಾಡಿ ಕೇಳಿದ. ನಾನೇ ದುಡ್ಡು ತಗೊಂಡು ಹೋಗಿ ಕೊಟ್ಟು ಬಂದೆ. ಗಂಡಸರ ಜಾಕೆಟ್ಟು ಒಳ್ಳೇದು ಬಂದ್ರೆ ನಿಲ್ಲಲ್ಲ ಕಣೇ, ಹೋಗ್ಬಿಡುತ್ತೆ. ಪಾಪ, ಲಿಫ್ಟಿನ ಮೇಲೆ ಹತ್ತಿ ಗಾಳಿಗೆ ನಿಲ್ಲೋನು."

"ಕೋಟು ಹೋಯ್ತು," ಅಂದಳು ಸೊಸೆ.

"ಹೌದು, ಪೆಟ್ಟಿಗೇಲಿ ಇರಲಿಲ್ಲ," ಅಂದ ಗಂಡ. "ನೀನು ಬೇರೆ ಕಡೆ ಇಟ್ಯೇನೋ ಅಂದ್ಕೊಂಡೆ."

"ಮಾರಿಹೋಯ್ತು. ನಮ್ಮ ಫ್ಯಾಕ್ಟ್ರಿಯವಳೇ ಹಾಕ್ಕೊಂಡು ಬಂದಿದ್ಳು."

ಆಗ ನೋಡಬೇಕಿತ್ತು ಆ ಮನೆಯನ್ನು! ಪೆಟ್ಟಿಗೆಯಲ್ಲಿ ಇಡು ಅಂದವರು ಯಾರು ಅಂತ ಅಮ್ಮನ ಮೇಲೆ ಮಗ, ಗೌನಿನಲ್ಲೇ ಇದ್ದಿದ್ದರೆ ಹೋಗುತ್ತಿರಲಿಲ್ಲ ಅಂತ ಮೊಮ್ಮಗಳ ಮೇಲೆ ಅತ್ತೆ, ಪರದೆಯಿಂದ ತೆಗೆದದ್ದೇ ತಪ್ಪು ಅಂತ ಅಜ್ಜಿಯ ಮೇಲೆ ಮೊಮ್ಮಗಳು. ಮೂವರ ಬಾಯಿಗೂ ಬೀಗವಿಲ್ಲ. ಸೊಸೆ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದಳು.

"ಯಾವನು ಅವನು ಮುಠ್ಠಾಳ, ಪೂರ್ತಿ ರೇಟಿಗೆ ಕೊಂಡೋನು?" ಅಂತ ಅತ್ತೆ ಮೇಜು ಕುಟ್ಟಿದಳು.

"ಮುಠ್ಠಾಳ ಅಲ್ಲ. ಅವಳ ಗಂಡ."

ಸೊಸೆ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು, ಸಾರು ಚೆಲ್ಲಿತು.

"ಅವಳಿಗೆ ಚಳಿ ಅಂತ ಗೊತ್ತಾಯ್ತು, ಹೋದ, ಕೊಟ್ಟ, ತಂದ. ಅಷ್ಟೇ."

"ಅಂದ್ರೆ ನಾನೇನು ಮಾಡಿಲ್ವಾ?" ಗಂಡನಿಗೆ ರೇಗಿತು. "ದಿನ ಬಿಟ್ಟು ದಿನ ಹೋಗಿ ನೋಡ್ಕೊಂಡು ಬಂದಿಲ್ವಾ? ಯಾರಿಗೋಸ್ಕರ?"

"ಅದನ್ನೇ ಹೇಳ್ತಿರೋದು. ಅಷ್ಟು ಸಲ ಹೋದ್ರಲ್ಲ, ಒಂದೇ ಒಂದು ಸಲ ಅದನ್ನ ಎತ್ಕೊಂಡು ಕೌಂಟರ್ ಕಡೆ ತಿರುಗಕ್ಕೆ ಆಗ್ಲಿಲ್ವಾ? ಇವತ್ತು ದಾರಿ ಗೊತ್ತಾಯ್ತಲ್ಲ ನಿಮಗೆ, ಜಾಕೆಟ್ಟಿಗೆ!"

"ಏನೇ ಅದು, ಗಂಡನ ಹತ್ರ ಮಾತಾಡೋ ರೀತಿ?" ಅಂದಳು ಅತ್ತೆ. "ಮನೆಗೆ ನಾಲ್ಕು ಕಾಸು ಉಳೀಲಿ ಅಂತ ನಾನು ಒದ್ದಾಡಿದ್ರೆ..."

"ಉಳೀತಲ್ಲ ಅತ್ತೆ. ಗಡಿಯಾರ ಉಳೀತು, ಮೀನಿನ ತಟ್ಟೆ ಉಳೀತು. ನನ್ನ ಸಂಬಳ ಇನ್ಮೇಲೆ ಆ ಡಬ್ಬಿಗೆ ಬೀಳಲ್ಲ. ನನ್ನ ಪಾಲಿನ ಅಕ್ಕಿ ಬೇಳೆ ನಾನೇ ತಂದು ಹಾಕ್ತೀನಿ. ಪೂರ್ತಿ ರೇಟಿಗೆ ತರ್ತೀನಿ."

ಯಾರೂ ಸರಿಯಾಗಿ ಉಣ್ಣಲಿಲ್ಲ. ಚಿನಕುರಳಿ ಒಬ್ಬಳೇ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು, ಅಮ್ಮನ ತಟ್ಟೆಗೂ ಹಾಕಿದಳು.

ಬೆಳಿಗ್ಗೆ ಎಲ್ಲರೂ ಎದ್ದು ಚಹಾ ಕುಡಿಯುತ್ತಿದ್ದಾಗ ಸೊಸೆ ಹೊರಡಲು ಸಿದ್ಧಳಾಗಿ ಬಂದಳು. ಬಾಗಿಲ ಹಿಂದಿನ ಮೊಳೆಯಿಂದ ಚರ್ಮದ ಜಾಕೆಟ್ಟು ತೆಗೆದಳು. ಹಸಿರು ಚೀಟಿಯ ದಾರವನ್ನು ಹಲ್ಲಿನಿಂದ ಕಡಿದು, ಚೀಟಿಯನ್ನು ಮೇಜಿನ ಮೇಲಿಟ್ಟು, ಜಾಕೆಟ್ಟನ್ನು ಹಾಕಿಕೊಂಡಳು. ತೋಳು ಬೆರಳಿನವರೆಗೂ ಬಂತು. ಎರಡು ಮಡಿಕೆ ಮಡಿಸಿದಳು.

"ಅಯ್ಯೋ, ಏನೇ ಇದು?" ಅತ್ತೆ ಲೋಟ ಕೆಳಗಿಟ್ಟಳು. "ಪೂರ್ತಿ ರೇಟು ಕೊಟ್ಟಿದ್ದು ಕಣೇ ಅದು!"

"ಗೊತ್ತು ಅತ್ತೆ. ಬೆಚ್ಚಗಿದೆ."

"ತಮಾಷೆ ಸಾಕು, ಬಿಚ್ಚು," ಅಂತ ಗಂಡ ಎದ್ದುನಿಂತ. "ಹೊರಗೆ ಎಂಥ ಗಾಳಿ ಇದೆ ನೋಡು. ನಾನೇನು ಹಾಕ್ಕೊಂಡು ಹೋಗ್ಲಿ?"

ಸೊಸೆ ಗಂಟಲವರೆಗೂ ಜಿಪ್ಪು ಎಳೆದಳು. ಜಿಪ್ಪು ಸರಾಗವಾಗಿ ಹೋಯಿತು.

"ಅಂಗಡೀಲಿ ನಿಮ್ಮ ಅಳತೇದು ಒಂದು ಒಳ್ಳೇದು ಇರಬಹುದು, ಹೋಗಿ ನೋಡಿ. ಚಳಿ ಮುಗಿದ ಮೇಲೆ ಅರ್ಧ ರೇಟಿಗೆ ಕೊಡ್ತಾರೆ. ಅಲ್ಲಿವರೆಗೂ ದಿನಾ ಸಂಜೆ ನಾನೇ ಹೋಗಿ ಜಾಗ ಬದಲಾಯಿಸಿ ಬರ್ತೀನಿ," ಅಂದು ಬಾಗಿಲು ತೆರೆದಳು.